ಕಿರುಗೆರೆ

ಹೆಬಸೂರ ಅಕ್ಕೋರ ಬರಹಕ್ಕ ಮೊಳೆ ಜೋಡಿಸಿದಾಂವ ನಾನು.
ಇಪ್ಪತ್ತಾರು ವರ್ಷ, ದುರ್ಗದಬೈಲ ಹಿಂದಿನ ಓಣ್ಯಾಗ,
ಮಸಿ, ಸೀಸ, ಮಿರ್ಚಿ ಕರಿಯೋ ಎಣ್ಣಿ
ಮೂರೂ ಕೂಡಿ ನಾರೋ ಛಾಪಖಾನ್ಯಾಗ.
ಅಕ್ಷರ ಉಲ್ಟಾ ಓದಾಕ ಕಲತವಗ
ದೆವ್ವದ ಅಂಜಿಕಿ ಏನಿರತೈತಿ ಹೇಳ್ರಿ.

ಮೊದಲ ವರ್ಷನ ‘ಜ್ಞ’ ಖಾಲಿ ಆತು.
ಪ್ರಜ್ಞೆ, ಸುಪ್ತಪ್ರಜ್ಞೆ, ಅತೀಂದ್ರಿಯ ಜ್ಞಾನ, ಮತ್ತ ಪ್ರಜ್ಞೆ.
ಒಂದು ಪುಟಕ್ಕ ನಲವತ್ತು ‘ಜ್ಞ’ ಎಲ್ಲಿಂದ ತರಲಿ?
ಲಗ್ನಪತ್ರಿಕಿ ಮಾಡೋ ಬಾಜೂ ಪ್ರೆಸ್ಸಿನಿಂದ ಕಡ ತಂದೆ.
“ಲಗ್ನದಾಗ ಅದರ ಗರಜು ಅಷ್ಟಿರೂದಿಲ್ಲ, ಒಯ್ಯಿ”
ಅಂದ ಅಲ್ಲಿ ಮಾಲಕ.

ಹಾವೇರಿ ಕಡೆ ಒಂದು ಮನಿ ಮ್ಯಾಲೆ ಕಲ್ಲು ಬೀಳತಿದ್ದುವು.
ಭಾನಾಮತಿ ಅಂದ್ರು. ಮಂತ್ರವಾದಿ ಎರಡು ಹೋತ ಕೇಳಿದ್ದ.
ಅಕ್ಕೋರು ಒಂದು ಟಾರ್ಚು, ಒಂದು ನೋಟಬುಕ್ಕು ಹಿಡಕೊಂಡು
ಮೂರು ರಾತ್ರಿ ಹಿತ್ತಲದಾಗ ಕುಂತರು.
ನಾಲ್ಕನೇದ್ದಕ್ಕ ಗೊತ್ತಾತು, ಯಾರ ಕೈ ಅಂತ.
ಹೆಸರು ಬರದು, ಹೊಡದು ಹಾಕಿ, ನನ್ನ ಮುಂದ ಇಟ್ಟರು:
“ರಾಜೇಸಾಬ್ರ, ಇಲ್ಲೆ ಒಂದು ಹೆಸರಿನಷ್ಟು ಜಾಗಾ ಬಿಡ್ರಿ.
ಹದಿಮೂರು ವರ್ಷದ್ದು. ಕಲ್ಲು ಬೀಳೂತನಕ
ಆ ಮನ್ಯಾಗ ಅದರ ಕಡೆ ಯಾರೂ ತಿರಿಗಿ ನೋಡಿದ್ದಿಲ್ಲ.”
ಮೂರು ಅಕ್ಷರದ ಹೆಸರು.
ಮುಖ ಇಲ್ಲದ ಮೂರು ಸೀಸದ ತುಂಡು ಇಟ್ಟೆ.
ಓದಿದವರು ಅಚ್ಚಿನ ತಪ್ಪು ಅಂದ್ಕೊಂಡ್ರು.

ಬೆಟಗೇರ್ಯಾಗ ಒಬ್ಬ ನೇಕಾರ, ಕಣ್ಣು ಕಟಗೊಂಡು
ನೂಲು ಮುಟ್ಟಿ ಬಣ್ಣ ಹೇಳಾಂವ.
ಇನ್ನೂರು ಸಲ ನೋಡಿದ್ರು, ಕತ್ತಲ ಖೋಲಿ, ಸೀಲು ಹಾಕಿದ ಲಕೋಟಿ.
ಸರಿ ಬಂದದ್ದು ನಾಣ್ಯ ಚಿಮ್ಮಿದ್ರ ಬರೂವಷ್ಟ.
ಆಂವ ಮೋಸಗಾರ ಅಲ್ಲ, ಅಂತ ಎರಡು ಸಲ ಬರದ್ರು.
ಸೋತಾಂವ ಚಾ ತರಿಸಿದನಂತ.
ಅಕ್ಕೋರು ಕುಡದ್ರಂತ, ತಾವೂ ಸೋತಾವರಂಗ.

ಆ ಲೇಖನದ ಕಡೀ ಸಾಲು: “ನನಗೆ ಸಿಗಲಿಲ್ಲ.”
ಸಂಪಾದಕರು “ಇಲ್ಲ” ಅಂತ ಮಾಡಿದ್ರು, ಓದುಗರಿಗೆ ಗಟ್ಟಿ ಮಾತು ಬೇಕು ಅಂತ.
ಧಾರವಾಡದಿಂದ ಬಸ್ಸು ಹತ್ತಿ ಬಂದೇಬಿಟ್ಟರು ಅಕ್ಕೋರು,
ಕೂದಲಾಗ ಧೂಳ, ಕೈಯಾಗ ಪ್ರೂಫು.
“ಎರಡರ ನಡುವ ಅಂಥಾ ದೂರ ಏನೈತ್ರಿ?” ಅಂದ್ರು ಸಂಪಾದಕರು.
“ಇಪ್ಪತ್ತು ಕಿಲೋಮೀಟರು. ಈಗಷ್ಟ ಅಳದು ಬಂದೀನಿ.”

ಒಂದು ರಾತ್ರಿ ಕರೆಂಟು ಹೋಗಿ ಕಡೀ ಬಸ್ಸೂ ಹೋತು.
ಕಂದೀಲ ಮುಂದ ಕುಂತು, ಕೇಳಲಾರದ ಹೇಳಿದ್ರು:
ಅಪ್ಪಾರು ತೀರಿದ ಮ್ಯಾಲೆ ನಸುಕಿನ ನಾಕಕ್ಕ
ಪಡಸಾಲ್ಯಾಗ ಅವರ ಕೆಮ್ಮು. ದಿನಾ.
ಟೇಪ್‌ರೆಕಾರ್ಡರ್ ಹಚ್ಚಿ ನೋಡಿದ್ರಂತ ಹನ್ನೊಂದು ನಸುಕು.
ಟೇಪಿನ್ಯಾಗ ಗೂಡ್ಸ್ ರೈಲು, ಒಂದು ನಾಯಿ,
ಹಾಲಿನಾಂವನ ಸೈಕಲ್ಲು.
ಕೆಮ್ಮು ಇಲ್ಲ.
“ಅಂದಮ್ಯಾಲೆ ಕೇಳಿಸೂದು ನಿಂತಿರಬೇಕಲ್ಲರಿ?”
“ಇಲ್ಲ. ಇವತ್ತೂ ಕೇಳಸ್ತು.”
“ಮತ್ತ ಅದು ಇರೂದೆಲ್ಲೆ?”
ಕಂದೀಲ ಬತ್ತಿ ಏರಿಸಿ ಅಂದ್ರು:
“ದೆವ್ವ ಬಿಡ್ರಿ, ಅದು ಸಸಾರ.
ಈ ಪ್ರಶ್ನೆಕ್ಕಂತ ನಾ ಪಗಾರ ತಗೊಳ್ಳೂದು.”

ಅವರ ಹಸ್ತಪ್ರತ್ಯಾಗ ಎಲ್ಲಾ ಕಡೆ ಮಿದುಳು-ಮನಸ್ಸು.
ಒಮ್ಮೆ ನಾ ಆ ಗೆರಿ ಬಿಟ್ಟು ಎರಡೂ ಕೂಡಿಸಿಬಿಟ್ಟಿದ್ದೆ.
ಸಿಟ್ಟಾಗಲಿಲ್ಲ. ಪ್ರೂಫಿನ ಅಂಚಿನ್ಯಾಗ ಪೆನ್ಸಿಲಲೆ ಬರದ್ರು:
‘ಹುಬ್ಬಳ್ಳಿ-ಧಾರವಾಡ ಒಂದೇ ಊರು ಅನ್ನುತ್ತದೆ ಮುನ್ಸಿಪಾಲ್ಟಿ.
ಆ ಕಿರುಗೆರೆಯೊಳಗೆ ನವಲೂರಿದೆ. ಪೇರಲ ತೋಟವಿದೆ.
ಅಲ್ಲಿ ಇಳಿದು ನೋಡಿದವರು ಕಡಿಮೆ.’

ಅಕ್ಕೋರು ಹೋದ ವರ್ಷ ತೀರಿದ್ರು. ದೇಹ ಮೆಡಿಕಲ್ ಕಾಲೇಜಿಗೆ.
ಮಂದಿ ಬಂದು ಕೇಳತಾರ: ಅಷ್ಟು ವರ್ಷ ಅವರ ಜೋಡಿ ಇದ್ರಿ,
ಏನರ ಕಾಣಿಸಿದ್ರೇನು, ಕನಸಿನ್ಯಾಗರ?
ಇಲ್ಲ ಅನ್ನಾಕ ಬಾಯಿ ತೆರೀತೀನಿ,
ಸಿಕ್ಕಿಲ್ಲ ಅಂತೀನಿ.

ಟ್ರೆಡಲ್ ಮಶೀನು ಗುಜರಿಗೆ ಹೋಗಿ ಬಾಳ ದಿನಾ ಆತು.
ರಾತ್ರಿ ಹೊರಳಿ ಮಲಗಿದ್ರ ಸಾಕು,
ದಿಂಬಿನೊಳಗ ಖಟಕ್-ಧಡ್, ಖಟಕ್-ಧಡ್.
ಮೊಮ್ಮಗನ ಮೊಬೈಲಿನ್ಯಾಗ ರೆಕಾರ್ಡ ಮಾಡೂದೈತಿ.
ಮಾಡಿಲ್ಲ, ಇನ್ನೂ.